ಸೋಗಾನೆಯ ರನ್‌ವೇಯೂ ವೈಮಾನಿಕನ ವಿದ್ಯೆಯೂ

ಶಿವಮೊಗ್ಗಕ್ಕೂ ಭದ್ರಾವತಿಗೂ ನಡುವಣ ಸೋಗಾನೆಯಲ್ಲಿ, 2008ರಲ್ಲಿ ಮೊದಲಾಗಿ, ಬಹುಕಾಲ ನಿಂತುಹೋಗಿ, 2020ರಲ್ಲಿ ಪುನಃ ಕೈಗೆತ್ತಿಕೊಂಡ ನಿರ್ಮಾಣಕಾರ್ಯವು ಮುಗಿದು, ಕುವೆಂಪು ಅವರ ಹೆಸರನ್ನು ಹೊತ್ತ ವಿಮಾನ ನಿಲ್ದಾಣವು 2023ರ ಫೆಬ್ರವರಿ 27ರಂದು ಉದ್ಘಾಟನೆಗೊಂಡಿತು. ಅದೇ ವರ್ಷದ ಆಗಸ್ಟ್ 31ರಂದು ಬೆಂಗಳೂರಿನಿಂದ ಬಂದ ಇಂಡಿಗೋ ಸಂಸ್ಥೆಯ ಎಟಿಆರ್ ವಿಮಾನವು ಅಲ್ಲಿಯ 3,200 ಮೀಟರ್ ಉದ್ದದ ರನ್‌ವೇಯ ಮೇಲೆ ಇಳಿಯಿತು. ರನ್‌ವೇಗೆ ತಗುಲಿದ ವರ್ಷಗಳ ಲೆಕ್ಕವನ್ನು ಊರಿನವರೆಲ್ಲ ಬಲ್ಲರು; ವಿಮಾನದ ಮುಂಭಾಗದಲ್ಲಿ ಕುಳಿತು ಅದನ್ನು ತಂದಿಳಿಸುವ ಇಬ್ಬರನ್ನು ಸಿದ್ಧಗೊಳಿಸಿದ ವರ್ಷಗಳ ಮಾತು ಮಾತ್ರ ಅಷ್ಟಾಗಿ ಕೇಳಿಬರುವುದಿಲ್ಲ.

ಆ ವಿದ್ಯೆ ನಮ್ಮ ನಾಡಿನಲ್ಲಿ ಬೇರೂರಿದ ಬಗೆಯನ್ನು ಅರಸಹೊರಟರೆ ಭದ್ರಾವತಿಯೂ ದಾರಿಯಲ್ಲಿ ಸಿಕ್ಕುತ್ತದೆ. 1923ರಲ್ಲಿ ಇಲ್ಲಿ ಕಬ್ಬಿಣದ ಕಾರ್ಖಾನೆಯನ್ನು ನಡೆಯಿಸತೊಡಗಿದ, 1940ರಲ್ಲಿ ವಾಲ್‌ಚಂದ್ ಹೀರಾಚಂದರೊಡನೆ ಕೂಡಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆಗೆ ನೆಲೆಯಿತ್ತ ಮೈಸೂರು ಸಂಸ್ಥಾನದ ಪರಂಪರೆಯಲ್ಲಿಯೇ, ಆ ದಶಕದ ಅಂತ್ಯದಲ್ಲಿ, ಜಯಚಾಮರಾಜ ಒಡೆಯರ ಪ್ರೋತ್ಸಾಹದಿಂದ ಜಕ್ಕೂರಿನ ಸರ್ಕಾರಿ ವೈಮಾನಿಕ ತರಬೇತಿ ಶಾಲೆಯು ಹುಟ್ಟಿತು. 1949ರಲ್ಲಿ ಅಲ್ಲಿ ತೇರ್ಗಡೆ ಹೊಂದಿದ ಉಷಾ ಸುಂದರಂ ಅವರು ಆ ಶಾಲೆಯ ಪ್ರಥಮ ಮಹಿಳಾ ಪದವೀಧರೆ; ಪತಿ ವಿ. ಸುಂದರಂ ಅವರೊಡನೆ ಲಂಡನ್ನಿನಿಂದ ಮುಂಬಯಿಗೆ ಡವ್ ವಿಮಾನವನ್ನು 27 ಗಂಟೆಗಳಲ್ಲಿ ತಂದ ಅವರ ಸಾಹಸವನ್ನು ನಮ್ಮ ಶಾಲಾಪುಸ್ತಕಗಳು ಇನ್ನಾದರೂ ಸ್ಮರಿಸಬೇಕು.

ಇಂದು ಈ ವಿದ್ಯೆಗೆ ಹೊರಡುವವರಿಗೆ ಭೌತಶಾಸ್ತ್ರವೂ ಗಣಿತವೂ ಇರುವ ಪಿಯುಸಿ ಬೇಕು. ಕಣ್ಣು, ಕಿವಿ, ಹೃದಯಗಳು ದೃಢವಾಗಿವೆಯೆಂಬ ವೈದ್ಯಕೀಯ ಪ್ರಮಾಣಪತ್ರ ಬೇಕು. ವಾಯುಯಾನ ನಿಯಮ, ದಿಕ್ಕು-ದಾರಿಗಳ ಗಣನೆ, ಹವಾಮಾನ ಶಾಸ್ತ್ರ ಮೊದಲಾದ ವಿಷಯಗಳಲ್ಲಿ ನೂರಕ್ಕೆ 70 ಅಂಕ ಬೇಕು. ವಾಣಿಜ್ಯ ಪರವಾನಗಿಗೆ 18 ವರ್ಷ ತುಂಬಿರಬೇಕು, 200 ಗಂಟೆಗಳ ಹಾರಾಟ ನಡೆದಿರಬೇಕು, ಅದರಲ್ಲಿ 100 ಗಂಟೆಗಳ ಕಾಲ ವಿಮಾನದ ಸಂಪೂರ್ಣ ಹೊಣೆಯನ್ನು ತಾನೇ ಹೊತ್ತಿರಬೇಕು.

ಆದರೆ ಈ ವಿದ್ಯೆಯ ನಿಜವಾದ ಸಂಸ್ಕಾರವಿರುವುದು ವಿಮಾನವಿನ್ನೂ ನೆಲದ ಮೇಲಿರುವಾಗ. ಬೆಳಗಿನಲ್ಲಿ ಪುಟ್ಟ ಸೆಸ್ನಾ ವಿಮಾನದ ಬಳಿಗೆ ಬಂದ ವಿದ್ಯಾರ್ಥಿಯು ಮೊದಲು ಅದನ್ನು ಒಂದು ಸುತ್ತು ಸುತ್ತಿ, ಪ್ರೊಪೆಲ್ಲರಿನ ಅಂಚಿನ ಮೇಲೆ ಸೀಳುಂಟೇ ಎಂದು ಬೆರಳಾಡಿಸಿ, ರೆಕ್ಕೆಯ ಅಡಿಯ ಕಿಂಡಿಗೆ ಪಾರದರ್ಶಕವಾದ ಚಿಕ್ಕ ಬಟ್ಟಲನ್ನು ಒತ್ತಿ ಹಿಡಿದು, ಅದರಲ್ಲಿ ಇಳಿದ ತಿಳಿನೀಲಿ ಇಂಧನವನ್ನು ಬೆಳಕಿಗೆ ಎತ್ತಿ ನೋಡುತ್ತಾನೆ. ಟ್ಯಾಂಕು ಪೂರ್ತಿ ತುಂಬದೆ ರಾತ್ರಿ ನಿಂತರೆ ಒಳಗಿನ ಗಾಳಿಯ ತೇವವು ತಣಿದು ನೀರಾಗಿ, ಇಂಧನಕ್ಕಿಂತ ಭಾರವಾದುದರಿಂದ ತಳ ಸೇರುತ್ತದೆ; ಹಾಗೆ ಸೇರಿದ ನೀರು ಎಂಜಿನ್ನಿಗೆ ಹೋದರೆ ಅದು ಆಕಾಶದಲ್ಲಿ ನಿಂತುಹೋಗಬಹುದು. ಬಟ್ಟಲಿನ ತಳದಲ್ಲಿ ನೀರಿನ ಗುಳ್ಳೆಯೊಂದು ಕಂಡರೂ ಅದು ಕಾಣದಾಗುವ ತನಕ ಮತ್ತೆ ಮತ್ತೆ ಇಂಧನವನ್ನು ಇಳಿಸಿ ನೋಡಬೇಕು. ಮಳೆಗಾಲದ ಮಲೆನಾಡಿನ ಅಂಚಿನಲ್ಲಿ ಕಲಿಯುವವನಿಗೆ ಈ ಪಾಠದ ಬೆಲೆಯನ್ನು ಬೇರೆ ಹೇಳಬೇಕಾದುದಿಲ್ಲ.

ಪರವಾನಗಿ ಬಂದ ಮೇಲೆಯೂ ವ್ಯಾಸಂಗ ಮುಗಿಯದು. ಎಟಿಆರ್ ಆಗಲಿ ಏರ್‌ಬಸ್ ಆಗಲಿ, ಒಂದೊಂದು ಬಗೆಯ ವಿಮಾನಕ್ಕೂ ಟೈಪ್ ರೇಟಿಂಗ್ ಎಂಬ ಪ್ರತ್ಯೇಕ ತರಬೇತಿಯುಂಟು. ಬಳಿಕ ಬಲಗಡೆಯ ಆಸನದಲ್ಲಿ ಸಹಚಾಲಕನಾಗಿ ದುಡಿದು, 1,500 ಗಂಟೆಗಳ ಅನುಭವದೊಡನೆ ಉನ್ನತ ಪರವಾನಗಿಯನ್ನು ಪಡೆದವನೇ ಎಡಗಡೆಯ ಕ್ಯಾಪ್ಟನ್ ಆಸನಕ್ಕೆ ಅರ್ಹನು.

ಇದಕ್ಕೆಲ್ಲ ತಗುಲುವ ವೆಚ್ಚವು ಇಂದು ಹತ್ತಾರು ಲಕ್ಷ ರೂಪಾಯಿ. ಭದ್ರಾವತಿಯ ಕಾರ್ಮಿಕನ ಮಗಳು ಗಣಿತದಲ್ಲಿ ಎಷ್ಟೇ ಚುರುಕಾಗಿದ್ದರೂ ಈ ಮೊತ್ತದೆದುರು ಹಿಂಜರಿಯುವಳೆಂಬುದು ನನಗೆ ನೋವಿನ ಸಂಗತಿ. ವಿಮಾನಗಳ ನಡುವಣ ಬಿಡುವಿನಲ್ಲಿ ಸೋಗಾನೆಯ ವಿಶಾಲವಾದ ರನ್‌ವೇ ಬರಿದಾಗಿರುತ್ತದೆ. ತರಬೇತಿಯ ಸಣ್ಣ ವಿಮಾನಕ್ಕೆ ಅದರ ಒಂದು ತುಂಡೇ ಸಾಕು. ಪರವಾನಗಿಗಾಗಿ 300 ನಾಟಿಕಲ್ ಮೈಲಿಗೆ ಕಡಿಮೆಯಿಲ್ಲದ, ನಡುವೆ ಎರಡು ಬೇರೆ ನಿಲ್ದಾಣಗಳಲ್ಲಿ ಇಳಿಯುವ ಯಾನವೊಂದನ್ನು ವಿದ್ಯಾರ್ಥಿಯು ಪೂರೈಸಬೇಕಷ್ಟೆ. ಸೋಗಾನೆಯಿಂದ ಹುಬ್ಬಳ್ಳಿ, ಅಲ್ಲಿಂದ ಮೈಸೂರು, ಮರಳಿ ಸೋಗಾನೆ ಎಂದು ಸುತ್ತಿದರೆ ಆ ಅಳತೆಯನ್ನು ಮೀರಿ ದೂರವಾಗುತ್ತದೆ. ಜಕ್ಕೂರಿನಂತೆ ಸರ್ಕಾರವೇ ನಡೆಯಿಸುವ, ವಿದ್ಯಾರ್ಥಿವೇತನವುಳ್ಳ ಶಾಲೆಯೊಂದು ಇಲ್ಲಿ ಸ್ಥಾಪಿತವಾದರೆ ಆ ಹುಡುಗಿ ಭದ್ರಾವತಿಯ ಮನೆಯಿಂದಲೇ ದಿನವೂ ಪಾಠಕ್ಕೆ ಹೋಗಿಬರಬಲ್ಲಳು.