ಹಿಂದಿನ ಸೀಟಿನಲ್ಲೂ ಒಂದು ತಲೆ ಇದೆ



ಮುಂಬೈಯಲ್ಲಿ ಮಳೆ ಹಿಡಿದರೆ ನಮ್ಮ ಸ್ಟುಡಿಯೋಗೆ ಬರುವ ಕರೆಗಳಲ್ಲಿ ಹಾಡಿನ ಕೋರಿಕೆ ಕಡಿಮೆ, ‘ಲೋಕಲ್ ಓಡ್ತಾ ಇದೆಯಾ?’ ಎಂಬ ವಿಚಾರಣೆಯೇ ಹೆಚ್ಚು. ಲೋಕಲ್ ಕೈಕೊಟ್ಟರೆ ಅನೇಕರಿಗೆ ಬೈಕೇ ಗತಿ. ಆದ್ದರಿಂದ ಈ ಸಲ ಹೆಲ್ಮೆಟ್ ವಿಷಯ ಮಾತಾಡೋಣ, ಅದರಲ್ಲೂ ಹಿಂದೆ ಕೂರುವವರ ಹೆಲ್ಮೆಟ್.

ಮೊದಲು ನನ್ನ ತಪ್ಪು ಹೇಳಿಬಿಡುತ್ತೇನೆ. ಕಳೆದ ಮಳೆಗಾಲದಲ್ಲಿ ಮುಲುಂಡ್ ಹತ್ತಿರದ ತಿರುವೊಂದರಲ್ಲಿ, ಒದ್ದೆ ಪೇವರ್ ಬ್ಲಾಕ್ ಮೇಲೆ ನಮ್ಮ ಬೈಕ್ ಜಾರಿತು. ವೇಗವೇನೂ ಹೆಚ್ಚಿರಲಿಲ್ಲ. ನನ್ನ ತಲೆಗೆ ಮುಖ ಮುಚ್ಚುವ ಒಳ್ಳೆಯ ಹೆಲ್ಮೆಟ್ ಇತ್ತು. ನನ್ನ ಹೆಂಡತಿಯ ತಲೆಗೆ ಇದ್ದದ್ದು ಫುಟ್‌ಪಾತಿನಲ್ಲಿ ಕೊಂಡ ಟೋಪಿಯಂಥದ್ದು. ‘ಪೊಲೀಸರಿಗೆ ಕಂಡರೆ ಸಾಕು’ ಎಂದು ನಾನೇ ತಂದದ್ದು. ಅದರ ಪಟ್ಟಿ ಹಾಕಿರಲಿಲ್ಲ. ಬೀಳುವ ಮೊದಲೇ ಅದು ಹಾರಿಹೋಯಿತು. ಕಿವಿಯ ಮೇಲೆ ಏಳು ಹೊಲಿಗೆ ಬಿದ್ದವು. ಈಗ ಆರಾಮಾಗಿದ್ದಾಳೆ. ಆದರೆ ಆ ರಾತ್ರಿ ಆಸ್ಪತ್ರೆಯ ಬೆಂಚಿನಲ್ಲಿ ಕೂತು ನನಗೆ ತಲೆ ಎತ್ತಲಾಗಲಿಲ್ಲ.

ಇದು ನಮ್ಮ ಮನೆಯ ಕತೆ ಮಾತ್ರವಲ್ಲ. ಕೇಂದ್ರ ರಸ್ತೆ ಸಾರಿಗೆ ಸಚಿವಾಲಯದ ವರದಿಯಂತೆ, 2022ರಲ್ಲಿ ದೇಶದಲ್ಲಿ ಹೆಲ್ಮೆಟ್ ಇಲ್ಲದೆ ಅಪಘಾತದಲ್ಲಿ ಸತ್ತವರು 50,029 ಮಂದಿ. ಅವರಲ್ಲಿ 14,337 ಮಂದಿ ಹಿಂದೆ ಕೂತವರು. ಮೋಟಾರು ವಾಹನ ಕಾಯ್ದೆಯ 129ನೇ ಕಲಂ ಹಿಂದಿನವರಿಗೂ ಹೆಲ್ಮೆಟ್ ಬೇಕೆನ್ನುತ್ತದೆ, ನಾಲ್ಕು ವರ್ಷ ಮೀರಿದ ಮಕ್ಕಳಿಗೂ. ಕರ್ನಾಟಕದಲ್ಲಿ ಇದು 2016ರ ಜನವರಿಯಿಂದ ಜಾರಿಗೆ ಬಂತು. ಮುಂಬೈ ಸಂಚಾರಿ ಪೊಲೀಸರು 2022ರ ಜೂನ್‌ನಿಂದ ದಂಡ ಹಾಕತೊಡಗಿದರು.

ಹೆಲ್ಮೆಟ್ ಕೆಲಸ ಮಾಡುವುದು ಹೇಗೆ? ಹೊರಗಿನ ಗಟ್ಟಿ ಚಿಪ್ಪು ಏಟನ್ನು ಹರಡುತ್ತದೆ. ಒಳಗಿನ ಥರ್ಮಾಕೋಲ್‌ನಂಥ ಪದರ ತಾನು ನಜ್ಜುಗುಜ್ಜಾಗಿ ಆ ಏಟನ್ನು ನುಂಗುತ್ತದೆ. ಆ ಪದರ ಒಮ್ಮೆ ಕುಸಿದರೆ ಮತ್ತೆ ಉಬ್ಬುವುದಿಲ್ಲ. ಹಾಗಾಗಿ ಒಂದು ಬಲವಾದ ಬೀಳಿನ ನಂತರ, ಹೊರಗೆ ಗೀರೂ ಕಾಣದಿದ್ದರೂ ಹೊಸದು ಕೊಳ್ಳಬೇಕು. ಸೆಕೆಂಡ್‌ಹ್ಯಾಂಡ್ ಹೆಲ್ಮೆಟ್ ಬೇಡ ಎನ್ನುವುದೂ ಇದಕ್ಕೇ.

ಕೊಳ್ಳುವಾಗ ಹಿಂದೆ ಕೂರುವವರನ್ನೇ ಅಂಗಡಿಗೆ ಕರೆದೊಯ್ಯಿರಿ. ಐಎಸ್‌ಐ ಗುರುತು ಮತ್ತು ಐಎಸ್ 4151 ಎಂಬ ಸಂಖ್ಯೆ ನೋಡಿ. 2021ರ ಜೂನ್‌ನಿಂದ ಈ ಗುರುತಿಲ್ಲದ ಬೈಕ್ ಹೆಲ್ಮೆಟ್ ಮಾರುವಂತಿಲ್ಲ. ಆದರೂ ಫುಟ್‌ಪಾತಿನಲ್ಲಿ ಸ್ಟಿಕರ್ ಅಂಟಿಸಿ ಮಾರುತ್ತಾರೆ. ಗುರುತಿನ ಕೆಳಗಿರುವ ಲೈಸೆನ್ಸ್ ಸಂಖ್ಯೆಯನ್ನು ಬಿಐಎಸ್ ಕೇರ್ ಆ್ಯಪ್‌ನಲ್ಲಿ ಹಾಕಿದರೆ ಅಸಲಿಯೋ ನಕಲಿಯೋ ತಿಳಿಯುತ್ತದೆ.

ಅಳತೆಗೆ, ಹುಬ್ಬಿನ ಸ್ವಲ್ಪ ಮೇಲೆ ಟೇಪು ಸುತ್ತಿ ನೋಡಿ. ಹೆಲ್ಮೆಟ್ ಹಾಕಿ ತಲೆ ಅಲ್ಲಾಡಿಸಿದರೆ ಹಣೆಯ ಚರ್ಮವೂ ಜೊತೆಗೇ ಅಲುಗಬೇಕು. ಪಟ್ಟಿ ಬಿಗಿದು ಹಿಂದಿನಿಂದ ಮೇಲಕ್ಕೆ ತಳ್ಳಿದರೆ ಕಳಚಬಾರದು. ಪಟ್ಟಿ ಹಾಕದ ಹೆಲ್ಮೆಟ್ ಬರೀ ಟೋಪಿ! ಹೆಂಗಸರಿಗೆ ಒಂದು ಮಾತು: ನೆತ್ತಿಯ ಮೇಲೆ ತುರುಬು, ದಪ್ಪ ಕ್ಲಿಪ್ಪು ಇದ್ದರೆ ಹೆಲ್ಮೆಟ್ ಸರಿಯಾಗಿ ಕೂರುವುದಿಲ್ಲ. ಕೆಳಗೆ ಇಳಿಬಿಟ್ಟ ಜಡೆಯೇ ಒಳ್ಳೆಯದು. ಮಲ್ಲಿಗೆ ದಂಡೆ ಬ್ಯಾಗಿನಲ್ಲಿರಲಿ, ಊರು ಸೇರಿದ ಮೇಲೆ ಮುಡಿಯಿರಿ.

ಹಾಗೆಯೇ ಹಿಂದಿನ ಚಕ್ರದ ಸೀರೆ ಗಾರ್ಡ್ ಅಂದಕ್ಕೆಂದು ತೆಗೆಸಬೇಡಿ. ಕನಿಷ್ಠ ಅರ್ಧ ಚಕ್ರವಾದರೂ ಮುಚ್ಚಿರಬೇಕು, ಹಿಡಿದುಕೊಳ್ಳಲು ಹಿಡಿಕೆ, ಕಾಲಿಡಲು ಫುಟ್‌ರೆಸ್ಟ್ ಇರಬೇಕು ಎಂದು ನಿಯಮವೇ ಇದೆ. ಸೆರಗು, ದುಪಟ್ಟಾ ಸುತ್ತಿ ಸಿಕ್ಕಿಸಿಕೊಂಡೇ ಹತ್ತಿ. ಮಳೆಯಲ್ಲಿ ಕಪ್ಪು ಗಾಜು ಬೇಡ. ಗಾಜು ಮಂಜಾದರೆ ಒಂದು ಬೆರಳಷ್ಟು ತೆರೆದಿಡಿ. ಹೆಲ್ಮೆಟ್ಟನ್ನು ಸೋಪು ನೀರಿನಿಂದ ಒರೆಸಿ. ಪೆಟ್ರೋಲ್, ಥಿನ್ನರ್ ತಾಗಿಸಬೇಡಿ.

ತಲೆ ಗಟ್ಟಿಯಿದೆ ಎಂದು ಬಂಡೆಗೆ ಹಾಯಬಾರದು ಎನ್ನುತ್ತಾರೆ ನಮ್ಮ ಹಿರಿಯರು. ನಮ್ಮನ್ನು ನಂಬಿ ಹಿಂದೆ ಕೂತವರ ತಲೆಗಂತೂ ಆ ಪರೀಕ್ಷೆ ಬೇಡವೇ ಬೇಡ. ನಮ್ಮ ಮನೆಯ ಬಾಗಿಲ ಮೊಳೆಯಲ್ಲಿ ಈಗ ಒಂದೇ ಥರದ ಎರಡು ಹೆಲ್ಮೆಟ್ ನೇತಾಡುತ್ತಿವೆ. ಅವಳು ಪಟ್ಟಿ ಹಾಕಿ ‘ಹೂಂ’ ಎಂದ ಮೇಲೆಯೇ ನಾನು ಗಾಡಿ ಸ್ಟಾರ್ಟ್ ಮಾಡುವುದು. ನೀವೂ ಹಾಗೇ ಮಾಡಿ.

ಮತ್ತೆ ರೇಡಿಯೋದಲ್ಲಿ ಭೇಟಿಯಾಗೋಣ. ಹುಷಾರಾಗಿ ಮನೆ ಸೇರಿ.