ದೇಶಭಾಷೆಯ ವಿದ್ಯಾಪೀಠ: ಉಸ್ಮಾನಿಯಾ ವಿಶ್ವವಿದ್ಯಾನಿಲಯ

ಹೈದರಾಬಾದು ನಗರದ ಅಡಿಕ್‌ಮೆಟ್ ಪ್ರದೇಶದಲ್ಲಿ ನಸುಗೆಂಪು ಗ್ರಾನೈಟ್ ಶಿಲೆಯ ಭವ್ಯವಾದ ಸೌಧವೊಂದು ನಿಂತಿದೆ. ಅದರ ಎತ್ತರದ ಕಮಾನಿನಲ್ಲಿ ಇಸ್ಲಾಮೀ ಶೈಲಿಯ ಗಾಂಭೀರ್ಯವಿದ್ದರೆ, ಕಂಬಗಳಲ್ಲಿ ಅಜಂತ ಎಲ್ಲೋರಗಳ ನೆನಪಿದೆ. ಬೆಲ್ಜಿಯಂ ದೇಶದ ಶಿಲ್ಪಿ ಅರ್ನೆಸ್ಟ್ ಜಾಸ್ಪರ್ ಇದರ ನಕ್ಷೆಯನ್ನು ರಚಿಸಿದನು. 1934ರಲ್ಲಿ ಅಡಿಗಲ್ಲು ಬಿದ್ದು, 1939ರ ಡಿಸೆಂಬರಿನಲ್ಲಿ ಪ್ರಾರಂಭೋತ್ಸವವಾಯಿತು. ಇದೇ ಉಸ್ಮಾನಿಯಾ ವಿಶ್ವವಿದ್ಯಾನಿಲಯದ ಆರ್ಟ್ಸ್ ಕಾಲೇಜು. ಆದರೆ ಈ ವಿದ್ಯಾಸಂಸ್ಥೆಯ ನಿಜವಾದ ಅಡಿಗಲ್ಲು ಶಿಲೆಯದಲ್ಲ, ಭಾಷೆಯದು.

ದಕ್ಷಿಣ ಭಾರತದಲ್ಲಿ ಮದರಾಸು ಮತ್ತು ಮೈಸೂರಿನ ತರುವಾಯ ಹುಟ್ಟಿದ ಮೂರನೆಯ ವಿಶ್ವವಿದ್ಯಾನಿಲಯವಿದು. ಉನ್ನತ ವಿದ್ಯೆಯೆಂದರೆ ಇಂಗ್ಲಿಷೇ ಎಂದು ನಂಬಿದ್ದ ಕಾಲದಲ್ಲಿ, ಪರಭಾಷೆಯ ಭಾರದಿಂದ ವಿದ್ಯಾರ್ಥಿಯ ಬುದ್ಧಿ ಬಳಲುತ್ತದೆಂದು ಸರ್ ಅಕ್ಬರ್ ಹೈದರಿಯವರು ನಿಜಾಮ ಸರ್ಕಾರಕ್ಕೆ ನಿವೇದಿಸಿದರು. ಅದನ್ನೊಪ್ಪಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನರು 1917ರ ಏಪ್ರಿಲ್ 26ರಂದು ಫರ್ಮಾನು ಹೊರಡಿಸಿದರು. 1918ರಲ್ಲಿ ವಿಶ್ವವಿದ್ಯಾನಿಲಯ ಸ್ಥಾಪನೆಗೊಂಡು, 1919ರಲ್ಲಿ ಪಾಠಗಳು ಮೊದಲಾದವು. ಬೋಧನೆಯ ಮಾಧ್ಯಮ ಉರ್ದು. ಇಂಗ್ಲಿಷು ಕಡ್ಡಾಯವಾಗಿ ಕಲಿಯಬೇಕಾದ ಒಂದು ವಿಷಯ ಮಾತ್ರ. ಕವಿ ರವೀಂದ್ರನಾಥ ಠಾಕೂರರು ಈ ಪ್ರಯತ್ನವನ್ನು ಮನಸಾರೆ ಸ್ವಾಗತಿಸಿದ್ದರು.

ಮಾಧ್ಯಮವನ್ನು ಘೋಷಿಸುವುದು ಸುಲಭ, ಪುಸ್ತಕಗಳನ್ನು ಒದಗಿಸುವುದು ಕಷ್ಟ. ಉಸ್ಮಾನಿಯಾದ ಹೆಗ್ಗಳಿಕೆಯಿರುವುದು ಇಲ್ಲಿ. ತರಗತಿಗಳು ತೆರೆಯುವುದಕ್ಕೆ ಎರಡು ವರ್ಷ ಮುಂಚೆಯೇ, 1917ರಲ್ಲಿ, ಭಾಷಾಂತರ ಇಲಾಖೆಯೊಂದು ಆರಂಭವಾಗಿತ್ತು. ಮೌಲ್ವಿ ಅಬ್ದುಲ್ ಹಕ್ಕರು ಅದರ ಮೇಲ್ವಿಚಾರಣೆ ವಹಿಸಿದ್ದರು. ವಿಜ್ಞಾನ, ಗಣಿತ, ಇತಿಹಾಸ, ತತ್ತ್ವಶಾಸ್ತ್ರ, ನ್ಯಾಯಶಾಸ್ತ್ರಗಳ ಗ್ರಂಥಗಳು ಉರ್ದುವಿಗೆ ಬಂದವು. ವಿದ್ವಾಂಸರ ಸಮಿತಿಗಳು ಪಾರಿಭಾಷಿಕ ಪದಗಳನ್ನು ಒಂದೊಂದಾಗಿ ಚರ್ಚಿಸಿ ನಿರ್ಣಯಿಸಿದವು. ವೈದ್ಯಶಾಸ್ತ್ರ, ಇಂಜಿನಿಯರಿಂಗ್‌ಗಳನ್ನೂ ದೇಶಭಾಷೆಯಲ್ಲಿ ಕಲಿಸಬಹುದೆಂಬುದು ಹೀಗೆ ಪ್ರತ್ಯಕ್ಷವಾಯಿತು.

ಈ ಸಾಧನೆಯ ಇನ್ನೊಂದು ಮುಖವನ್ನೂ ಮರೆಯುವಂತಿಲ್ಲ. ನಿಜಾಮ ಸಂಸ್ಥಾನದ ಬಹುಸಂಖ್ಯಾತ ಪ್ರಜೆಗಳ ಮನೆಮಾತು ತೆಲುಗು, ಮರಾಠಿ, ಕನ್ನಡ. ಬೀದರ, ಕಲಬುರ್ಗಿ, ರಾಯಚೂರು ಜಿಲ್ಲೆಗಳ ಹಳ್ಳಿಯ ಹುಡುಗನಿಗೆ ಉರ್ದು ರಾಜಭಾಷೆಯಾಗಿತ್ತೇ ಹೊರತು ತಾಯಿನುಡಿಯಾಗಿರಲಿಲ್ಲ. ಇಂಗ್ಲಿಷಿನ ಹೊರೆ ಇಳಿದರೂ ಅವನ ಹೆಗಲು ಹಗುರಾಗಲಿಲ್ಲ. ಕಲಬುರ್ಗಿಯ ನೂತನ ವಿದ್ಯಾಲಯ, ರಾಯಚೂರಿನ ಹಮ್‌ದರ್ದ್ ಶಾಲೆಗಳಂತಹ ಖಾಸಗಿ ಸಂಸ್ಥೆಗಳು ಆ ಪ್ರಾಂತದ ಮಕ್ಕಳಿಗೆ ಆಸರೆಯಾದುದು ಈ ಕಾರಣದಿಂದಲೇ.

ಅಸಮಾಧಾನ ಬೇರೆ ರೂಪದಲ್ಲಿಯೂ ಹೊರಬಿದ್ದಿತು. 1938ರಲ್ಲಿ ವಿದ್ಯಾರ್ಥಿನಿಲಯದ ಪ್ರಾರ್ಥನೆಯಲ್ಲಿ ‘ವಂದೇ ಮಾತರಂ’ ಹಾಡುವುದನ್ನು ಅಧಿಕಾರಿಗಳು ನಿಷೇಧಿಸಿದರು. ವಿದ್ಯಾರ್ಥಿಗಳು ಮಣಿಯಲಿಲ್ಲ; ಬಹುಮಂದಿ ಹೊರಹಾಕಲ್ಪಟ್ಟರು. ಅವರಲ್ಲಿ ಅನೇಕರಿಗೆ ಬಾಗಿಲು ತೆರೆದದ್ದು ದೂರದ ನಾಗಪುರ ವಿಶ್ವವಿದ್ಯಾನಿಲಯ. ಸಂಸ್ಥಾನದ ಸ್ವಾತಂತ್ರ್ಯ ಹೋರಾಟಕ್ಕೆ ಆ ಪ್ರಸಂಗ ಒಂದು ಪೀಳಿಗೆಯನ್ನೇ ಒದಗಿಸಿಕೊಟ್ಟಿತು.

1948ರ ಸೆಪ್ಟೆಂಬರಿನಲ್ಲಿ ಸಂಸ್ಥಾನ ಭಾರತದಲ್ಲಿ ಸೇರಿತು. ಅದರೊಡನೆ ಉರ್ದು ಮಾಧ್ಯಮವೂ ಮುಗಿದು, ಆ ಸ್ಥಾನಕ್ಕೆ ಇಂಗ್ಲಿಷೇ ಬಂದಿತು. ತೆಲುಗು, ಮರಾಠಿ, ಕನ್ನಡಗಳು ಬರಲಿಲ್ಲ. ಮೂರು ದಶಕಗಳ ಶ್ರಮದಿಂದ ಸಿದ್ಧವಾಗಿದ್ದ ಗ್ರಂಥರಾಶಿ ಕಪಾಟು ಸೇರಿತು. 1956ರ ನವೆಂಬರ್ 1ರಂದು ಸಂಸ್ಥಾನ ಮೂರು ರಾಜ್ಯಗಳಲ್ಲಿ ಹಂಚಿಹೋಯಿತು. ಕನ್ನಡ ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದರೂ ಉಸ್ಮಾನಿಯಾದ ನಂಟು ಒಮ್ಮೆಗೇ ಕಡಿದುಹೋಗಲಿಲ್ಲ. ಮುಂದೆ ಕರ್ನಾಟಕದ ಮುಖ್ಯಮಂತ್ರಿಗಳಾದ ವೀರೇಂದ್ರ ಪಾಟೀಲರೂ ಧರ್ಮಸಿಂಗರೂ ಇಲ್ಲಿಯ ಪದವೀಧರರು. ಕಲಬುರ್ಗಿಯಲ್ಲಿಯೇ ಪ್ರತ್ಯೇಕ ವಿಶ್ವವಿದ್ಯಾನಿಲಯ ಸ್ಥಾಪನೆಯಾದದ್ದು 1980ರಲ್ಲಿ.

ಗಡಿಯ ಈಚೆಗೆ ಉಳಿದ ತಾಂಡೂರು, ನಾರಾಯಣಪೇಟೆ, ಮಕ್ತಲ್, ಜಹೀರಾಬಾದು ಸೀಮೆಗಳ ಕನ್ನಡಿಗರಿಗಾದರೋ ಉನ್ನತ ವಿದ್ಯೆಯ ದಾರಿ ಹೈದರಾಬಾದಿನತ್ತಲೇ ಸಾಗಿತು. 1976ರಲ್ಲಿ ವರಂಗಲ್ಲಿನ ಕಾಕತೀಯ, 2008ರಲ್ಲಿ ಮಹಬೂಬನಗರದ ಪಾಲಮೂರು ವಿಶ್ವವಿದ್ಯಾನಿಲಯಗಳು ಹುಟ್ಟಿ ಉಸ್ಮಾನಿಯಾದ ವ್ಯಾಪ್ತಿ ಕಿರಿದಾಯಿತು. ಕೋಠಿಯ ಹಳೆಯ ಬ್ರಿಟಿಷ್ ರೆಸಿಡೆನ್ಸಿಯಲ್ಲಿದ್ದ ಅದರ ಮಹಿಳಾ ಕಾಲೇಜು 2022ರಲ್ಲಿ ಸ್ವತಂತ್ರ ವಿಶ್ವವಿದ್ಯಾನಿಲಯವಾಯಿತು. ಆದರೂ ಸಾವಿರ ಎಕರೆಗೂ ಮೀರಿದ ಆವರಣ, ಅಮೂಲ್ಯ ಹಸ್ತಪ್ರತಿಗಳ ಗ್ರಂಥಾಲಯ, 1969 ಮತ್ತು 2009ರ ತೆಲಂಗಾಣ ಚಳವಳಿಗಳಲ್ಲಿ ವಹಿಸಿದ ಪಾತ್ರ ಇವುಗಳಿಂದ ಅದು ಇಂದಿಗೂ ತೆಲಂಗಾಣದ ಹಿರಿಯ ವಿದ್ಯಾಮನೆ.

ಗಡಿನಾಡಿನ ಕನ್ನಡಿಗರಿಗೆ ಈ ಚರಿತ್ರೆ ಎರಡು ಪಾಠಗಳನ್ನು ಹೇಳುತ್ತದೆ. ಭಾರತದ ಯಾವ ಭಾಷೆಯೂ ಉನ್ನತ ವಿದ್ಯೆಗೆ ಅಸಮರ್ಥವಲ್ಲ. ಗ್ರಂಥ, ಪರಿಭಾಷೆ, ಅಧ್ಯಾಪಕ ಇವಿಷ್ಟನ್ನು ಸರ್ಕಾರ ಮೊದಲೇ ಒದಗಿಸಬೇಕು, ಅಷ್ಟೇ. ಎರಡನೆಯದು ಅದಕ್ಕಿಂತ ಕಠಿನ: ದೇಶಭಾಷೆಯೆಂಬ ಹೆಸರಿದ್ದ ಮಾತ್ರಕ್ಕೆ ಅದು ಎಲ್ಲರ ಭಾಷೆಯಾಗದು. ರಾಜ್ಯದ ನುಡಿಯೊಂದು ಗಟ್ಟಿಯಾಗಿ ನಿಂತಾಗ ಅದರ ನೆರಳಿನಲ್ಲಿ ಅಲ್ಪಸಂಖ್ಯಾತರ ನುಡಿಗೂ ಒಂದು ಪೀಠ, ಒಂದು ಪಠ್ಯಪುಸ್ತಕ, ಒಬ್ಬ ಅಧ್ಯಾಪಕ ದೊರೆಯಬೇಕು. ನಿಜಾಮರ ಕಾಲದಲ್ಲಿ ರಾಯಚೂರಿನ ಹುಡುಗ ಕೇಳಿದ್ದು ಅಷ್ಟನ್ನೇ. ಇಂದು ನಾರಾಯಣಪೇಟೆಯ ಹುಡುಗಿ ಕೇಳುತ್ತಿರುವುದೂ ಅದನ್ನೇ.