ಅಂತಿಮ ಸ್ಪರ್ಧೆಯ ಮತಗಣನೆ

2025ನೆಯ ಇಸವಿಯ ಜನವರಿ 26 ಆದಿತ್ಯವಾರವಾಗಿತ್ತು. ಅಂದು ಬೆಳಿಗ್ಗೆ ಥಾಣೆ, ಡೊಂಬಿವಲಿ, ಕಲ್ಯಾಣ, ನವಿಮುಂಬಯಿಗಳಲ್ಲಿ ಗಣರಾಜ್ಯೋತ್ಸವದ ಧ್ವಜವಂದನೆಗಳಾದುವು. ಅದೇ ರಾತ್ರಿ ಈ ಊರುಗಳ ಎಷ್ಟೋ ಕನ್ನಡಿಗರ ಮನೆಗಳಲ್ಲಿ ಟೆಲಿವಿಷನ್ನಿನ ಮುಂದೆ ಮತ್ತೊಂದು ಸಭೆ ಕೂಡಿತು. ‘ಬಿಗ್ ಬಾಸ್ ಕನ್ನಡ’ ಎಂಬ ಸ್ಪರ್ಧೆಯ ಹನ್ನೊಂದನೆಯ ಆವೃತ್ತಿಗೆ ಅಂದು ಮುಕ್ತಾಯ. ನಿರೂಪಕರಾದ ನಟ ಸುದೀಪರೊಡನೆ ಕೊನೆಗೆ ವೇದಿಕೆಯಲ್ಲಿ ಉಳಿದವರು ಇಬ್ಬರು: ಒಬ್ಬರು ನಟ ತ್ರಿವಿಕ್ರಮ್, ಮತ್ತೊಬ್ಬರು ಹಾವೇರಿ ಜಿಲ್ಲೆಯ ಹಳ್ಳಿಯೊಂದರಲ್ಲಿ ಕುರಿ ಕಾಯುತ್ತ ಹಾಡುತ್ತಿದ್ದ ಹನುಮಂತ ಲಮಾಣಿ. ಹನುಮಂತರ ಕೈ ಮೇಲೆದ್ದಿತು. 50 ಲಕ್ಷ ರೂಪಾಯಿಗಳ ಬಹುಮಾನ ಅವರದಾಯಿತು.

ಇಂತಹ ರಾತ್ರಿಯ ಮರುದಿನ ಶಾಲೆಯಲ್ಲಿ ಎರಡು ಪಕ್ಷಗಳಾಗುವುದನ್ನು ನಾವೆಲ್ಲರೂ ಬಲ್ಲೆವು. ಗೆದ್ದವರ ಪಕ್ಷ ‘ಇದು ಜನರ ತೀರ್ಪು’ ಎನ್ನುತ್ತದೆ. ಸೋತವರ ಪಕ್ಷ ‘ಇದು ಮೋಸ’ ಎನ್ನುತ್ತದೆ. ಎರಡೂ ಕೊಂಚ ಅವಸರದ ಮಾತುಗಳೇ. ಮೆಚ್ಚಿದವರು ಸೋತರೆಂದು ಊಟ ಬಿಟ್ಟು ಮಲಗುವ ಮಕ್ಕಳೂ, ಗೆಳೆತನ ಮುರಿದುಕೊಳ್ಳುವ ಮಕ್ಕಳೂ ಇರುವುದರಿಂದ, ಆ ತೀರ್ಪು ಹೇಗೆ ಹುಟ್ಟುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ವಿಚಾರಿಸುವುದು ಲೇಸು.

ಈ ಆಟದ ತವರು ನಮ್ಮ ದೇಶವಲ್ಲ. 1999ರಲ್ಲಿ ನೆದರ್‌ಲೆಂಡ್ಸ್ ದೇಶದಲ್ಲಿ ‘ಬಿಗ್ ಬ್ರದರ್’ ಎಂಬ ಹೆಸರಿನಿಂದ ಅದು ಪ್ರಾರಂಭವಾಯಿತು. ಆ ಹೆಸರು ಜಾರ್ಜ್ ಆರ್ವೆಲ್ ಎಂಬ ಆಂಗ್ಲ ಲೇಖಕನು 1949ರಲ್ಲಿ ಪ್ರಕಟಿಸಿದ ಕಾದಂಬರಿಯದು. ಅಲ್ಲಿ ಅದು ಪ್ರಜೆಗಳ ಮೇಲೆ ಸದಾ ಕಣ್ಣಿಟ್ಟಿರುವ ಸರ್ವಾಧಿಕಾರಿಯ ಹೆಸರು. ಭಯ ಹುಟ್ಟಿಸಲು ಬರೆದುದು ಮನರಂಜನೆಯಾದುದು ಒಂದು ವಿಚಿತ್ರವೇ ಸರಿ. 2006ರಲ್ಲಿ ಹಿಂದಿಗೆ, 2013ರಲ್ಲಿ ಕನ್ನಡಕ್ಕೆ, 2018ರಲ್ಲಿ ಮರಾಠಿಗೆ ಇದು ಬಂದಿತು. ಆ ಮನೆಯಲ್ಲಿ ಕ್ಯಾಮೆರಾಗಳು ಹಗಲಿರುಳೂ ಎಚ್ಚರವಾಗಿರುತ್ತವೆ. ನಮಗೆ ರಾತ್ರಿ ಕಾಣಿಸುವುದು ಮಾತ್ರ ಒಂದೂವರೆ ಗಂಟೆಯಷ್ಟು. ಒಬ್ಬರು ದಿನವಿಡೀ ಪಾತ್ರೆ ತೊಳೆದು ಸುಮ್ಮನಿದ್ದರೆ ಅದು ಕಥೆಯಾಗುವುದಿಲ್ಲ. ಎರಡೇ ನಿಮಿಷ ಸಿಟ್ಟುಗೊಂಡರೆ ಅದು ಕಥೆಯಾಗುತ್ತದೆ. ನಾವು ಮೆಚ್ಚುವ ಅಥವಾ ದ್ವೇಷಿಸುವ ವ್ಯಕ್ತಿ ಅರ್ಧಾಂಶ ಆ ಮನೆಯಲ್ಲಿದ್ದವನು, ಇನ್ನರ್ಧಾಂಶ ಸಂಕಲನಕಾರನ ಮೇಜಿನ ಮೇಲೆ ಹುಟ್ಟಿದವನು.

ಇನ್ನು ಮತಗಳ ವಿಷಯ. ಹನುಮಂತರಿಗೆ 5 ಕೋಟಿ 23 ಲಕ್ಷಕ್ಕೂ ಮಿಕ್ಕಿ ಮತಗಳು ದೊರೆತುವೆಂದು ಪ್ರಕಟಿಸಲಾಯಿತು. ಭೂಗೋಳದ ಪುಸ್ತಕವನ್ನು ತೆರೆದು ನೋಡಿರಿ: 2011ರ ಜನಗಣತಿಯಂತೆ ಕರ್ನಾಟಕದ ಜನಸಂಖ್ಯೆ 6 ಕೋಟಿ 11 ಲಕ್ಷ. ಅದರಲ್ಲಿ ತೊಟ್ಟಿಲ ಕೂಸುಗಳೂ ಸೇರಿವೆ, ಬಿಗ್ ಬಾಸ್ ಎಂದರೇನೆಂದು ಕೇಳುವ ಅಜ್ಜಂದಿರೂ ಸೇರಿದ್ದಾರೆ. ಅಷ್ಟೂ ಜನ ಮೊಬೈಲು ಹಿಡಿದು ಕುಳಿತಿರಲಾರರು. ಡೊಂಬಿವಲಿಯವರೂ ದುಬಾಯಿಯವರೂ ಸೇರಿದರೆಂದರೂ ಲೆಕ್ಕ ಸರಿಹೊಂದದು. ಆದುದರಿಂದ ಒಬ್ಬರೇ ಹಲವು ಮತಗಳನ್ನು ಹಾಕಿದ್ದಾರೆ ಎಂಬುದು ಸ್ಪಷ್ಟ. ಇದರಲ್ಲಿ ಮುಚ್ಚುಮರೆಯಿಲ್ಲ, ಆಟದ ನಿಯಮವೇ ಅದಕ್ಕೆ ಎಡೆಗೊಡುತ್ತದೆ. ಹೀಗಾಗಿ ಆ ಸಂಖ್ಯೆಯು ಎಷ್ಟು ಜನ ಮೆಚ್ಚಿದರು ಎಂಬುದನ್ನು ಹೇಳುವುದಿಲ್ಲ. ಮೆಚ್ಚಿದವರು ಎಷ್ಟು ಬಾರಿ ಬೆರಳೊತ್ತಿದರು ಎಂಬುದನ್ನು ಹೇಳುತ್ತದೆ. ಮೆಚ್ಚಿಯೂ ಸುಮ್ಮನೆ ಮಲಗಿದ ಸಾವಿರ ಜನರಿಗಿಂತ, ನಿದ್ದೆಗೆಟ್ಟು ಒತ್ತಿದ ನೂರು ಜನರು ಇಲ್ಲಿ ಬಲಶಾಲಿಗಳು.

ಗಣರಾಜ್ಯೋತ್ಸವದಂದೇ ಈ ಎಣಿಕೆ ನಡೆದುದರಿಂದ ಹೋಲಿಕೆಯೊಂದು ತಾನಾಗಿಯೇ ಒದಗುತ್ತದೆ. ನಮ್ಮ ಸಂವಿಧಾನದ 326ನೆಯ ವಿಧಿಯು ವಯಸ್ಕರೆಲ್ಲರಿಗೂ ಮತಾಧಿಕಾರವನ್ನು ಕೊಟ್ಟಿದೆ. ಚುನಾವಣೆಯಲ್ಲಿ ಕೋಟ್ಯಧೀಶನಿಗೂ ಕೂಲಿಗೂ ಮತ ಒಂದೇ. ಒಮ್ಮೆ ಹಾಕಿದವನು ಮತ್ತೆ ಬರದಂತೆ ಬೆರಳಿಗೆ ಮಸಿ ಹಚ್ಚುತ್ತಾರೆ; ಎಣಿಸುವಾಗ ಸೋಲುವ ಅಭ್ಯರ್ಥಿಯ ಕಡೆಯವರೂ ಎದುರಿಗೆ ಕುಳಿತು ನೋಡಬಹುದು. ಟೆಲಿವಿಷನ್ನಿನ ಆಟದಲ್ಲಿ ಮಸಿಯೂ ಇಲ್ಲ, ಎದುರು ಕುಳಿತವರೂ ಇಲ್ಲ; ಆಡಿಸುವವರೇ ಲೆಕ್ಕವನ್ನೂ ಹೇಳುತ್ತಾರೆ. ಎರಡಕ್ಕೂ ‘ಮತ’ ಎಂಬ ಒಂದೇ ಶಬ್ದವನ್ನು ಬಳಸುವುದರಿಂದಲೇ ‘ಜನರ ತೀರ್ಪು’ ಎಂಬ ಭ್ರಮೆಯೂ ‘ಮೋಸ’ ಎಂಬ ಕೂಗೂ ಹುಟ್ಟುತ್ತವೆಂದು ನಮ್ಮ ಅಭಿಪ್ರಾಯ.

ಹಾಗೆಂದು ಇದನ್ನು ಕೇವಲ ಮಕ್ಕಳಾಟವೆಂದು ತಳ್ಳಿಹಾಕುವಂತಿಲ್ಲ. 2007ರ ಸೆಪ್ಟೆಂಬರಿನಲ್ಲಿ ನಡೆದ ‘ಇಂಡಿಯನ್ ಐಡಲ್’ ಹಾಡುಗಾರಿಕೆಯ ಅಂತಿಮ ಸ್ಪರ್ಧೆಯ ವೃತ್ತಾಂತವನ್ನು ಕೇಳಿರಿ. ಡಾರ್ಜಿಲಿಂಗಿನ ಪ್ರಶಾಂತ್ ತಮಾಂಗರು ಆಗ ಕೋಲ್ಕತ್ತದ ಪೊಲೀಸ್ ಪಡೆಯಲ್ಲಿದ್ದವರು. ಎದುರಾಳಿ ಅಮಿತ್ ಪಾಲರು ಶಿಲ್ಲಾಂಗಿನವರು. ಡಾರ್ಜಿಲಿಂಗಿನ ಬೆಟ್ಟಗಳಲ್ಲಿ ಜನರು ಚಂದಾ ಎತ್ತಿ, ದೂರವಾಣಿ ಸಂದೇಶಗಳ ಮೂಲಕ ಮತಗಳ ಮಳೆ ಸುರಿಸಿದರು. ಆ ಅಂತಿಮದಲ್ಲಿ ಸುಮಾರು 7 ಕೋಟಿ ಮತಗಳು ಬಂದುವೆಂದು ವರದಿಯಾಯಿತು. ಡಾರ್ಜಿಲಿಂಗ್ ಜಿಲ್ಲೆಯ ಜನಸಂಖ್ಯೆಯಾದರೋ 20 ಲಕ್ಷವೂ ಇಲ್ಲ! ತಮಾಂಗರು ಗೆದ್ದರು. ಕೆಲವೇ ದಿನಗಳಲ್ಲಿ ದೆಹಲಿಯ ರೇಡಿಯೊ ನಿರೂಪಕನೊಬ್ಬನು ಅವರ ಜನಾಂಗವನ್ನು ಹೀಯಾಳಿಸಿ ಆಡಿದ ಮಾತಿನಿಂದ ಸಿಲಿಗುರಿಯಲ್ಲಿ ಗಲಭೆಯೆದ್ದು ಕರ್ಫ್ಯೂ ವಿಧಿಸಬೇಕಾಯಿತು. ಮತಗಳಿಗಾಗಿ ಅಭಿಮಾನಿಗಳನ್ನು ಸಂಘಟಿಸಿದ್ದ ಬಿಮಲ್ ಗುರುಂಗರು ಮರುತಿಂಗಳೇ ಗೋರ್ಖಾ ಜನಮುಕ್ತಿ ಮೋರ್ಚಾ ಎಂಬ ರಾಜಕೀಯ ಪಕ್ಷವನ್ನು ಕಟ್ಟಿದರು. ತಮ್ಮನ್ನು ದೇಶವು ಬರಿಯ ಕಾವಲುಗಾರರೆಂದು ಕಾಣುತ್ತದೆಂಬ ಬಹುಕಾಲದ ನೋವು ಅಲ್ಲಿನವರಿಗಿತ್ತು. ಹಾಡಿನ ಸ್ಪರ್ಧೆಯು ಆ ನೋವಿಗೆ ಬಾಯಿಯಾಯಿತು.

ನಮ್ಮ ನೆರೆಹೊರೆಯಲ್ಲಿಯೂ ಅಭಿಮಾನದ ಬೇರು ಊರಿನಲ್ಲಿಯೇ ಇದೆ. 2022ರ ಕೊನೆಯ ದಿನ ಕನ್ನಡದ ಒಂಬತ್ತನೆಯ ಆವೃತ್ತಿಯನ್ನು ತುಳು ಚಿತ್ರರಂಗದ ರೂಪೇಶ್ ಶೆಟ್ಟಿಯವರು ಗೆದ್ದಾಗ ಕರಾವಳಿಯಿಂದ ಬಂದು ಇಲ್ಲಿ ನೆಲೆಸಿದ ಕುಟುಂಬಗಳು ತಮ್ಮ ಮನೆಯ ಹುಡುಗನೇ ಗೆದ್ದನೆಂಬಂತೆ ಹಿಗ್ಗಿದುವು. ಎಂಟು ದಿನ ಕಳೆಯುವಷ್ಟರಲ್ಲಿ ಮರಾಠಿಯ ನಾಲ್ಕನೆಯ ಆವೃತ್ತಿ ಥಾಣೆಯ ಕಲ್ವಾದ ಅಕ್ಷಯ್ ಕೇಳ್ಕರರ ಪಾಲಾಯಿತು. ಈಗ ಹಿಗ್ಗುವ ಸರದಿ ನಮ್ಮ ಮರಾಠಿ ನೆರೆಯವರದು. ಹಾವೇರಿಯನ್ನು ಒಮ್ಮೆಯೂ ಕಾಣದ ಇಲ್ಲಿನ ಮಕ್ಕಳು ಹನುಮಂತರಿಗಾಗಿ ಚಡಪಡಿಸಿದುದು ಇನ್ನೂ ಸೋಜಿಗ. ಅವರ ಮಾತಿನ ಉತ್ತರ ಕರ್ನಾಟಕದ ಸೊಗಡು ಈ ಮಕ್ಕಳಿಗೆ ಮನೆಯ ಅಜ್ಜಿಯ ಮಾತಿನಂತೆ ಕೇಳಿಸಿರಬೇಕು. ಈ ಪ್ರೀತಿಯನ್ನು ನಾವು ಹಗುರವಾಗಿ ಕಾಣಲಾರೆವು. ಅದು ಕಲೆಯ ಅಳತೆಗೋಲಲ್ಲ ಎಂದಷ್ಟೇ ನಮ್ಮ ಮಾತು.

ಅಳತೆಗೋಲಲ್ಲವೆಂಬುದಕ್ಕೆ ಹನುಮಂತರೇ ಸಾಕ್ಷಿ. 2019ರಲ್ಲಿ ಕನ್ನಡದ ‘ಸರಿಗಮಪ’ ಹಾಡುಗಾರಿಕೆಯ ಅಂತಿಮದಲ್ಲಿ ಗೆದ್ದವರು ಕೀರ್ತನ್ ಹೊಳ್ಳ. ಹನುಮಂತರದು ಎರಡನೆಯ ಸ್ಥಾನ. ಕಂಠವೇ ಮುಖ್ಯವಾದ ವೇದಿಕೆಯಲ್ಲಿ ಸೋತವರು, ಹಾಡುವುದು ಅಗತ್ಯವೇ ಇಲ್ಲದ ಮನೆಯಲ್ಲಿ, ಅದೂ ಆಟ ಪ್ರಾರಂಭವಾದ ಮೇಲೆ ನಡುವೆ ಒಳಹೊಕ್ಕು, ಗೆದ್ದು ಬಂದರು.

ಇದೇ 2009ರ ಮಾತೊಂದನ್ನು ಡೊಂಬಿವಲಿ, ಕಲ್ಯಾಣಗಳ ಮರಾಠಿ ಮನೆಗಳಲ್ಲಿ ಕೇಳಿದರೆ ಹಿರಿಯರು ಈಗಲೂ ಎರಡು ಪಕ್ಷವಾಗಿ ವಾದಿಸುವರು. ಮರಾಠಿ ‘ಸಾರೇಗಮಪ’ದ ಪುಟಾಣಿಗಳ ಸ್ಪರ್ಧೆಯಲ್ಲಿ ಆ ವರ್ಷ ಅಂತಿಮಕ್ಕೆ ಐವರು ಮಕ್ಕಳು ಬಂದಿದ್ದರು: ಕಾರ್ತಿಕಿ ಗಾಯಕ್ವಾಡ್, ಆರ್ಯಾ ಆಂಬೇಕರ್, ಪ್ರಥಮೇಶ್ ಲಘಾಟೆ, ರೋಹಿತ್ ರಾವುತ್, ಮುಗ್ಧಾ ವೈಶಂಪಾಯನ್. ‘ಪಂಚರತ್ನ’ಗಳೆಂದೇ ಅವರು ಪ್ರಸಿದ್ಧರಾದರು. ಗೆದ್ದವಳು ಆಳಂದಿಯ ಕಾರ್ತಿಕಿ. ಗೆಲ್ಲಬೇಕಾದವರು ಬೇರೆಯವರೆಂಬ ಚರ್ಚೆ ಬಹುಕಾಲ ನಡೆಯಿತು. 2021ರಲ್ಲಿ ಅದೇ ಸ್ಪರ್ಧೆಯು ಮತ್ತೆ ಪ್ರಾರಂಭವಾದಾಗ ಆ ಐವರೂ ಒಟ್ಟಿಗೆ ತೀರ್ಪುಗಾರರ ಪೀಠದಲ್ಲಿ ಕುಳಿತಿದ್ದರು. ಅವರೆದುರು ಹಾಡಲು ನಿಂತ ಮಕ್ಕಳಲ್ಲಿ ಕೆಲವರು 2009ರ ಆ ರಾತ್ರಿ ಇನ್ನೂ ಹುಟ್ಟಿಯೇ ಇರಲಿಲ್ಲ.